ವೈರಾಲಜಿಯ ಮೊದಲ ಪುಸ್ತಕ: ಕೊಳ್ಳುವ ಮುಂಚೆ ಪರೀಕ್ಷೆ ಮಾಡುವುದು ಹೇಗೆ?

ಹೊಸ ಸೆಮಿಸ್ಟರ್ ಶುರುವಾದ ಕೂಡಲೇ ಹಾಸನದ ನಮ್ಮ ಡಿಪಾರ್ಟ್‌ಮೆಂಟಿಗೆ ಮಕ್ಕಳು ಬಂದು ಕೇಳುವ ಪ್ರಶ್ನೆ ಒಂದೇ: "ಮೇಡಂ, ವೈರಾಲಜಿಗೆ ಯಾವ ಬುಕ್ ತಗೊಳ್ಳೋದು?" ಒಂದು ಹೆಸರು ಹೇಳಿ ಕಳಿಸಬಹುದು. ಆದರೆ ಮುಂದಿನ ವರ್ಷ ಆ ಪುಸ್ತಕದ ಹೊಸ ಆವೃತ್ತಿ ಬಂದಿರುತ್ತದೆ, ಇಲ್ಲವೇ ಅಂಗಡಿಯಲ್ಲಿ ಅದು ಸಿಗುವುದೇ ಇಲ್ಲ. ಅದಕ್ಕೇ ಪುಸ್ತಕವನ್ನು ನೀವೇ ನೋಡಿ ತೂಗುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಕೂತರೆ ಸಾಕು.

ನನ್ನ ಮುಖ್ಯ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಪುಸ್ತಕವನ್ನು ಮೊದಲ ಪುಟದಿಂದ ಓದಿ ಅಳೆಯಲು ಹೋಗಬೇಡಿ. ನಿಮ್ಮ ಊರಲ್ಲಿ, ನಿಮ್ಮ ಮನೆಯ ಕೊಟ್ಟಿಗೆಯಲ್ಲಿ, ತೋಟದಲ್ಲಿ ನೀವೇ ಕಂಡ ಒಂದು ವೈರಸ್ ರೋಗ ಆರಿಸಿಕೊಳ್ಳಿ. ಆ ಒಂದು ವೈರಸ್ಸನ್ನು ಹಿಡಿದುಕೊಂಡು ಪುಸ್ತಕದ ಎಲ್ಲ ಅಧ್ಯಾಯಗಳಲ್ಲೂ ಓಡಾಡಿ. ನೀವು ಕಣ್ಣಾರೆ ಕಂಡದ್ದಕ್ಕೆ ಪುಸ್ತಕ ಕಾರಣ ಕೊಡುತ್ತದಾ, ಬರೀ ಹೆಸರು ಕೊಟ್ಟು ಮುಂದೆ ಹೋಗುತ್ತದಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಿಮಗೆ ಬೇಕಾದದ್ದು ಯಾವುದು

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ವೈರಾಲಜಿ ಓದುವವರು ಒಂದೇ ತರಹದವರಲ್ಲ. ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಮಾಡುವವರಿದ್ದಾರೆ. ಹಾಸನದ ಪಶುವೈದ್ಯಕೀಯ ಕಾಲೇಜು, ಕಾರೆಕೆರೆಯ ಕೃಷಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಮೆಡಿಕಲ್ ಕಾಲೇಜು ಎಲ್ಲ ಕಡೆಯೂ ಈ ವಿಷಯ ಇದೆ. ಮೆಡಿಕಲ್ ವಿದ್ಯಾರ್ಥಿಗೆ ಬರೆದ ಪುಸ್ತಕದಲ್ಲಿ ಸಸ್ಯ ವೈರಸ್ಸುಗಳು ಸಿಗುವುದಿಲ್ಲ ಅಂದರೆ ಅದು ತಪ್ಪಲ್ಲ. ಅದೇ ಪುಸ್ತಕ ತೋಟಗಾರಿಕೆ ಓದುವವರಿಗೆ ಉಪಯೋಗವಿಲ್ಲ. ಮುನ್ನುಡಿಯಲ್ಲಿ ಯಾರಿಗಾಗಿ ಬರೆದದ್ದು ಅಂತ ಹೇಳಿರುತ್ತಾರೆ. ಎರಡು ನಿಮಿಷ ಕೊಟ್ಟು ಅದನ್ನು ಓದಿ. ಆಮೇಲೆ ನಿಮ್ಮ ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ಪರಿವಿಡಿಯ ಮೇಲೆ ಕಣ್ಣಾಡಿಸಿ.

ಬಿಎಸ್ಸಿ ಮಕ್ಕಳಿಗೆ ಒಂದು ಮಾತು. ಒಂದೊಂದು ರೋಗಕ್ಕೂ ಒಂದೊಂದು ಅಧ್ಯಾಯ ಇಟ್ಟ ಪುಸ್ತಕಕ್ಕಿಂತ, ವೈರಸ್ ಕೋಶದೊಳಗೆ ನುಗ್ಗುವುದು, ನಕಲಾಗುವುದು, ಜೋಡಣೆಯಾಗುವುದು, ಹೊರಗೆ ಬರುವುದು ಅನ್ನುವ ಹಂತಗಳ ಮೇಲೆ ಅಧ್ಯಾಯ ಕಟ್ಟಿದ ಪುಸ್ತಕ ನಿಮಗೆ ಒಳ್ಳೆಯದು. ಮೊದಲ ಓದಿಗೆ ಹಂತಗಳು ಮನಸ್ಸಿಗೆ ಕೂರಬೇಕು. ರೋಗಗಳ ವಿವರ ಆಮೇಲೆ ಎಲ್ಲಿ ಬೇಕಾದರೂ ಸಿಗುತ್ತದೆ.

ಹಕ್ಕುಸ್ವಾಮ್ಯದ ಪುಟ ತೆರೆಯಿರಿ

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಆವೃತ್ತಿ ಮತ್ತು ಮರುಮುದ್ರಣದ ವರ್ಷ ಇರುತ್ತದೆ. ಇವೆರಡೂ ಬೇರೆ ಬೇರೆ. "ಮರುಮುದ್ರಣ 2022" ಅಂತ ಇದ್ದರೂ ಆವೃತ್ತಿ 2006ರದ್ದಾಗಿದ್ದರೆ ಒಳಗಿರುವುದು 2006ರ ವಿಷಯವೇ. ಅಂಗಡಿಯವರು ಮರುಮುದ್ರಣದ ವರ್ಷ ತೋರಿಸಿ ಹೊಸದು ಅಂತ ಕೊಡುತ್ತಾರೆ.

ಇನ್ನೊಂದು ಮಾತು, ಹೊಸ ಆವೃತ್ತಿ ಅಂತ ಬರೆದಿದ್ದರೂ ಒಳಗೆ ಏನೂ ಬದಲಾಗದೆ ಇರಬಹುದು. ಅದನ್ನು ಹಿಡಿಯಲು ಮೂರು ಜಾಗ ನೋಡಿ.

ಒಂದು, ಹೆಪಟೈಟಿಸ್ ಸಿ ಚಿಕಿತ್ಸೆ. ಇಂಟರ್‌ಫೆರಾನ್ ಮತ್ತು ರಿಬಾವಿರಿನ್ ಅಷ್ಟೇ ಹೇಳಿ ಮುಗಿಸಿದ್ದರೆ ಆ ಅಧ್ಯಾಯ 2011ಕ್ಕಿಂತ ಹಿಂದಿನದು. ಆಮೇಲೆ ವೈರಸ್ಸಿನ ಕಿಣ್ವಗಳನ್ನೇ ನೇರವಾಗಿ ತಡೆಯುವ ಮಾತ್ರೆಗಳು ಬಂದವು. ಸೋಫೋಸ್ಬುವಿರ್ 2013ರ ಕೊನೆಗೆ ಅಮೆರಿಕದಲ್ಲಿ ಮಂಜೂರಾಯಿತು. ಈಗ ಬಹುಪಾಲು ರೋಗಿಗಳಿಗೆ ಆ ಸೋಂಕು ಪೂರ್ತಿ ವಾಸಿಯಾಗುತ್ತದೆ.

ಎರಡು, ಬ್ಯಾಕ್ಟೀರಿಯೋಫೇಜ್‌ಗಳ, ಅಂದರೆ ಬ್ಯಾಕ್ಟೀರಿಯಾಕ್ಕೆ ಸೋಂಕು ಹತ್ತಿಸುವ ವೈರಸ್ಸುಗಳ ವರ್ಗೀಕರಣ. ಬಾಲವಿರುವ ಫೇಜ್‌ಗಳನ್ನು ಮಯೋವಿರಿಡೆ, ಸೈಫೋವಿರಿಡೆ, ಪೋಡೋವಿರಿಡೆ ಅಂತ ಮೂರು ಕುಟುಂಬ ಮಾಡಿ ಎಷ್ಟೋ ವರ್ಷ ಕಲಿಸಿದ್ದೇವೆ. ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಟಿವಿ, 2022ರಲ್ಲಿ ಆ ಮೂರನ್ನೂ ಕೈಬಿಟ್ಟಿತು. ಆಕಾರ ಒಂದೇ ಇದ್ದರೂ ವಂಶವಾಹಿಯ ಲೆಕ್ಕದಲ್ಲಿ ಅವು ಒಂದೇ ಸಂಬಂಧದವಲ್ಲ ಅನ್ನುವುದು ಕಾರಣ. ಸುಮ್ನೆ ಆಕಾರ ಹೇಳಲು ಆ ಪದಗಳನ್ನು ಈಗಲೂ ಬಳಸುತ್ತಾರೆ, ಅದರಲ್ಲಿ ತಪ್ಪಿಲ್ಲ.

ಮೂರು, ಕೋವಿಡ್. ಇದರ ಬಗ್ಗೆ ಕೊನೆಯಲ್ಲಿ ನಾಲ್ಕು ಪುಟ ಅಂಟಿಸಿದ್ದಾರಾ, ಇಲ್ಲ ಲಸಿಕೆಯ ಅಧ್ಯಾಯದಲ್ಲಿ ಎಂಆರ್‌ಎನ್‌ಎ ಲಸಿಕೆ, ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳ ಅಧ್ಯಾಯದಲ್ಲಿ ಕೊರೋನಾ ಅಂತ ಒಳಗೆ ಸೇರಿಸಿ ಮತ್ತೆ ಬರೆದಿದ್ದಾರಾ ನೋಡಿ. ಎರಡನೆಯದು ಕಂಡರೆ ಲೇಖಕರು ಪುಸ್ತಕದ ಮೇಲೆ ನಿಜವಾಗಿ ಕೆಲಸ ಮಾಡಿದ್ದಾರೆ.

ಹಾಗಂತ ಹಳೆಯ ಪುಸ್ತಕ ಎಸೆಯಬೇಡಿ. ವರ್ಗೀಕರಣ, ಔಷಧಿ, ಹೊಸ ರೋಗಗಳು ಹಳತಾಗುತ್ತವೆ. ಹಳೆಯ ಪ್ರಯೋಗಗಳ ವಿವರಣೆ ಹಳತಾಗುವುದಿಲ್ಲ. ಇಪ್ಪತ್ತು ವರ್ಷ ಹಿಂದಿನ ಒಂದು ಒಳ್ಳೆ ಪುಸ್ತಕ, ಈ ವರ್ಷ ಬಂದ ಅವಸರದ ಪುಸ್ತಕಕ್ಕಿಂತ ಎಷ್ಟೋ ಪಾಲು ಮೇಲು.

ಕಾಲುಬಾಯಿ ಜ್ವರ ಹಿಡಿದು ಪುಸ್ತಕದೊಳಗೆ ಹೋಗಿ

ಈಗ ನಿಜವಾದ ಪರೀಕ್ಷೆ. ನಮ್ಮ ಕಡೆ ಹಸು ಸಾಕುವ ಮನೆಯವರಿಗೆ ಕಾಲುಬಾಯಿ ಜ್ವರ ಗೊತ್ತಿಲ್ಲದೆ ಇಲ್ಲ. ಬಾಯಲ್ಲಿ ಗುಳ್ಳೆ, ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಹಾಲು ಅರ್ಧಕ್ಕೆ ಇಳಿಯುವುದು. ಪುಸ್ತಕದ ಹಿಂದಿನ ಪದಸೂಚಿಯಲ್ಲಿ ಈ ರೋಗದ ವೈರಸ್ ಹುಡುಕಿ. ಎಷ್ಟು ಕಡೆ ಪುಟ ಸಂಖ್ಯೆ ಕೊಟ್ಟಿದ್ದಾರೆ ನೋಡಿ. ಒಂದೇ ಒಂದು ಪುಟ ಇದ್ದು, ಅಲ್ಲಿ ಹೋದರೆ ಕೋಷ್ಟಕದ ಒಂದು ಸಾಲು ಮಾತ್ರ ಸಿಕ್ಕರೆ ಆ ಪುಸ್ತಕ ಕೆಳಗಿಡಬಹುದು. ಪಶುವೈದ್ಯಕೀಯದ ಪುಸ್ತಕ ಅಲ್ಲದಿದ್ದರೂ ಈ ವೈರಸ್ಸಿಗೆ ಒಂದಷ್ಟು ಜಾಗ ಸಿಗಲೇಬೇಕು. ಪ್ರಾಣಿಗಳಲ್ಲಿ ಮೊಟ್ಟಮೊದಲು ಗುರುತಿಸಿದ ವೈರಸ್ಸೇ ಇದು.

ಆಮೇಲೆ ಈ ಪ್ರಶ್ನೆಗಳನ್ನು ಪುಸ್ತಕಕ್ಕೆ ಹಾಕಿ.

ಕೊಟ್ಟಿಗೆಯನ್ನು ಸೋಪಿನ ನೀರಲ್ಲಿ ತೊಳೆದರೆ ಸಾಲದು, ನಾಲ್ಕು ಪರ್ಸೆಂಟ್ ವಾಷಿಂಗ್ ಸೋಡಾ ನೀರಲ್ಲಿ ತೊಳೆಯಿರಿ ಅಂತ ಡಾಕ್ಟರು ಹೇಳುತ್ತಾರೆ. ಯಾಕೆ? ಪುಸ್ತಕದ ರಚನೆಯ ಅಧ್ಯಾಯದಲ್ಲಿ ಉತ್ತರ ಇರಬೇಕು. ಕೊರೋನಾ, ಇನ್‌ಫ್ಲುಯೆಂಜಾದಂಥ ವೈರಸ್ಸಿಗೆ ಕೊಬ್ಬಿನ ಹೊರಪೊರೆ ಇದೆ. ಸೋಪು ಅದನ್ನು ಕರಗಿಸುತ್ತದೆ, ವೈರಸ್ ಹಾಳಾಗುತ್ತದೆ. ಕಾಲುಬಾಯಿ ಜ್ವರದ ವೈರಸ್ಸಿಗೆ ಆ ಪೊರೆ ಇಲ್ಲ, ಬರೀ ಪ್ರೋಟೀನಿನ ಕವಚ. ಸೋಪಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆದರೆ ಹುಳಿ ಅಥವಾ ಕ್ಷಾರ ಜಾಸ್ತಿಯಾದರೆ ಕವಚ ಬಿಚ್ಚಿಹೋಗುತ್ತದೆ.

ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಹುಳಿಗೆ ಬಿಚ್ಚಿಕೊಳ್ಳುವ ಈ ಗುಣ ವೈರಸ್ಸಿಗೆ ಬರೀ ನಷ್ಟವಾ? ಅಲ್ಲ. ಕೋಶ ಅದನ್ನು ಒಂದು ಸಣ್ಣ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಆ ಚೀಲದೊಳಗೆ ಹುಳಿ ಏರುತ್ತದೆ. ಕವಚ ಬಿಚ್ಚಿ ಆರ್‌ಎನ್‌ಎ ಹೊರಗೆ ಬರುವುದು ಆಗಲೇ. ಅಂದರೆ ಕೊಟ್ಟಿಗೆಯಲ್ಲಿ ಅದರ ದೌರ್ಬಲ್ಯ ಯಾವುದೋ, ಕೋಶದೊಳಗೆ ಅದರ ಕೀಲಿಯೂ ಅದೇ. ಪೋಲಿಯೋ ವೈರಸ್ ಇದೇ ಪಿಕೋರ್ನಾ ಕುಟುಂಬದ್ದು, ಆದರೆ ಅದು ಹೊಟ್ಟೆಯ ಹುಳಿ ದಾಟಿ ಕರುಳಿಗೆ ಹೋಗಬೇಕು, ಹಾಗಾಗಿ ಹುಳಿಯನ್ನು ತಡೆದುಕೊಳ್ಳುತ್ತದೆ. ಪಿಕೋರ್ನಾ ಕುಟುಂಬದವೆಲ್ಲ ಹುಳಿ ತಡೆಯುತ್ತವೆ ಅಂತ ಒಂದೇ ವಾಕ್ಯದಲ್ಲಿ ಬರೆದ ಪುಸ್ತಕ ಕಂಡರೆ ಪೆನ್ಸಿಲ್ಲಲ್ಲಿ ಗುರುತು ಹಾಕಿ.

ಮುಂದಿನ ಪ್ರಶ್ನೆ ಎಲ್ಲ ರೈತರೂ ಕೇಳುವುದು. "ಲಸಿಕೆ ಹಾಕಿಸಿದ್ರೂ ಹಸುಗೆ ಯಾಕೆ ಬಂತು?" ಈ ವೈರಸ್ಸಿನಲ್ಲಿ ಏಳು ಸೀರೋಟೈಪ್, ಅಂದರೆ ಪ್ರತಿಕಾಯಗಳು ಬೇರೆ ಬೇರೆಯಾಗಿ ಗುರುತಿಸುವ ಬಗೆಗಳು, ಇವೆ: ಓ, ಎ, ಸಿ, ಏಷ್ಯಾ 1, ಮತ್ತೆ ಮೂರು ಎಸ್‌ಎಟಿಗಳು. ಒಂದರ ವಿರುದ್ಧ ಬಂದ ರಕ್ಷಣೆ ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ದೇಶದ ಲಸಿಕೆಯಲ್ಲಿ ಓ, ಎ, ಏಷ್ಯಾ 1 ಮೂರೂ ಇರುತ್ತವೆ. ಒಂದೇ ಸೀರೋಟೈಪಿನೊಳಗೂ ವೈರಸ್ ಬದಲಾಗುತ್ತಲೇ ಇರುತ್ತದೆ, ಯಾಕೆಂದರೆ ಆರ್‌ಎನ್‌ಎ ನಕಲು ಮಾಡುವ ಕಿಣ್ವ ತನ್ನ ತಪ್ಪನ್ನು ತಿದ್ದಿಕೊಳ್ಳುವುದಿಲ್ಲ. ರಕ್ಷಣೆಯೂ ಬೇಗ ಇಳಿಯುತ್ತದೆ, ಅದಕ್ಕೇ ಆರು ತಿಂಗಳಿಗೊಮ್ಮೆ ಸೂಜಿ. ಒಳ್ಳೆಯ ಪುಸ್ತಕದಲ್ಲಿ ಈ ಮೂರು ತುಂಡುಗಳು ಮೂರು ಬೇರೆ ಅಧ್ಯಾಯದಲ್ಲಿ ಇದ್ದರೂ, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಿರುತ್ತಾರೆ.

ಇದರ ಪಕ್ಕದಲ್ಲೇ ಚರ್ಮಗಂಟು ರೋಗ ಇಟ್ಟು ನೋಡಿ. 2022ರಲ್ಲಿ ಅದು ರಾಜ್ಯದಲ್ಲಿ ಹಬ್ಬಿದಾಗ ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಕಾಲುಬಾಯಿಯಲ್ಲಿ ಒಂದೇ ವೈರಸ್ಸಿನ ಎರಡು ಬಗೆಗೆ ಲಸಿಕೆ ಹಂಚಿಕೊಳ್ಳಲು ಆಗುವುದಿಲ್ಲ. ಇಲ್ಲಿ ಬೇರೆ ಪ್ರಾಣಿಯ, ಬೇರೆ ವೈರಸ್ಸಿನ ಲಸಿಕೆಯೇ ಒದಗಿತು. ಎರಡೂ ಕ್ಯಾಪ್ರಿಪಾಕ್ಸ್ ಎಂಬ ಒಂದೇ ಕುಲದವು, ದೊಡ್ಡ ಡಿಎನ್‌ಎ ವೈರಸ್ಸುಗಳು, ಹೊರಮೈಯ ಪ್ರೋಟೀನುಗಳಲ್ಲಿ ತುಂಬಾ ಹೋಲಿಕೆ, ಬದಲಾವಣೆಯೂ ನಿಧಾನ. ಈ ಎರಡು ಲಸಿಕೆಗಳ ವ್ಯತ್ಯಾಸವನ್ನು ನೀವು ಪುಸ್ತಕ ಓದಿ ಸ್ವಂತ ಮಾತಲ್ಲಿ ಹೇಳಲು ಬಂದರೆ ಆ ಪುಸ್ತಕ ದುಡ್ಡಿಗೆ ಮೋಸವಿಲ್ಲ.

ಪಶುವೈದ್ಯಕೀಯದವರು ಇನ್ನೊಂದನ್ನೂ ಹುಡುಕಿ: ಲಸಿಕೆ ಹಾಕಿದ ದನವನ್ನೂ ರೋಗ ಬಂದುಹೋದ ದನವನ್ನೂ ರಕ್ತ ಪರೀಕ್ಷೆಯಲ್ಲಿ ಬೇರ್ಪಡಿಸುವುದು ಹೇಗೆ? ಲಸಿಕೆಯಲ್ಲಿ ಇರುವುದು ಶುದ್ಧ ಮಾಡಿದ ಕವಚ. ವೈರಸ್ ಕೋಶದಲ್ಲಿ ನಿಜವಾಗಿ ಬೆಳೆದಾಗ ಮಾತ್ರ ತಯಾರಾಗುವ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಸಿಕ್ಕರೆ ಆ ದನಕ್ಕೆ ಸೋಂಕು ಆಗಿತ್ತು ಅಂತ ಅರ್ಥ. ರೋಗ ಪತ್ತೆಯ ಅಧ್ಯಾಯದಲ್ಲಿ ಎಲಿಸಾ ಎಂಬ ಈ ರಕ್ತ ಪರೀಕ್ಷೆಯ ಹಂತಗಳನ್ನು ಮಾತ್ರ ಬರೆದು, ಏನನ್ನು ಹುಡುಕುತ್ತಿದ್ದೇವೆ ಅಂತ ಬರೆಯದ ಪುಸ್ತಕಗಳು ಬೇಕಾದಷ್ಟಿವೆ.

ತೋಟದವರು ಕಟ್ಟೆ ರೋಗ ಹಿಡಿಯಿರಿ

ಮನೆಯಲ್ಲಿ ಹಸು ಇಲ್ಲ, ಸಕಲೇಶಪುರ ಮೂಡಿಗೆರೆ ಕಡೆ ತೋಟ ಇದೆ ಅನ್ನುವವರು ಏಲಕ್ಕಿಯ ಕಟ್ಟೆ ರೋಗ ತೆಗೆದುಕೊಳ್ಳಿ. ಎಲೆಯಲ್ಲಿ ತಿಳಿ ಹಸಿರು ಪಟ್ಟೆ, ಗಿಡ ಕುಗ್ಗುತ್ತಾ ಹೋಗುವುದು. ಪೋಟಿವಿರಿಡೆ ಕುಟುಂಬದ ಮ್ಯಾಕ್ಲುರಾವೈರಸ್ ಗುಂಪಿನದು, ಗಿಡಹೇನು ಹರಡುತ್ತದೆ. ಪುಸ್ತಕಕ್ಕೆ ಕೇಳಬೇಕಾದ್ದು ಇಷ್ಟು: ಗಿಡಹೇನಿಗೆ ಔಷಧಿ ಹೊಡೆದರೂ ರೋಗ ಹರಡುವುದು ಯಾಕೆ ನಿಲ್ಲುವುದಿಲ್ಲ?

ಈ ಗುಂಪಿನ ವೈರಸ್ಸನ್ನು ಗಿಡಹೇನು ತನ್ನ ಮೈಯೊಳಗೆ ಬೆಳೆಸಿಕೊಳ್ಳುವುದಿಲ್ಲ. ಬಾಯಿಯ ಸೂಜಿಯ ತುದಿಗೆ ಅಂಟಿಸಿಕೊಂಡು ಹೋಗುತ್ತದೆ. ಅಂಟಿಸಿಕೊಳ್ಳಲೂ ಇನ್ನೊಂದು ಗಿಡಕ್ಕೆ ಚುಚ್ಚಿ ಬಿಡಲೂ ಸೆಕೆಂಡು, ನಿಮಿಷಗಳು ಸಾಕು. ಔಷಧಿ ಹುಳುವನ್ನು ಕೊಲ್ಲುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ರೋಗದ ಗಿಡ ಬೇರು ಸಮೇತ ಕಿತ್ತು ನಾಶ ಮಾಡಿ, ರೋಗವಿಲ್ಲದ ಕಡೆಯಿಂದ ಸಸಿ ತನ್ನಿ ಅಂತ ಹೇಳುವುದು ಈ ಕಾರಣಕ್ಕೇ. ಕೀಟದ ಮೈಯೊಳಗೆ ದಿನಗಟ್ಟಲೆ ಉಳಿದು ಹರಡುವ ವೈರಸ್ಸುಗಳ ಕಥೆ ಬೇರೆ, ಅಲ್ಲಿ ಔಷಧಿಗೆ ಸ್ವಲ್ಪ ಸಮಯ ಸಿಗುತ್ತದೆ. ಆಲೂಗಡ್ಡೆಯಲ್ಲಿ ಎರಡೂ ಬಗೆ ಇವೆ: ಎಲೆ ಸುರುಳಿ ವೈರಸ್ ಒಳಗೆ ಉಳಿಯುವ ಜಾತಿ, ವೈರಸ್ ವೈ ಅಂಟಿಕೊಂಡು ಹೋಗುವ ಜಾತಿ. ಈ ಎರಡು ಬಗೆಯನ್ನು ಬೇರ್ಪಡಿಸಿ ವಿವರಿಸದ ಸಸ್ಯ ವೈರಸ್ ಅಧ್ಯಾಯ ತೋಟಗಾರಿಕೆ ವಿದ್ಯಾರ್ಥಿಗೆ ಸಾಲದು.

ಹಾಸನದವರಿಗೆ ಹೇಳಲೇಬೇಕಾದ್ದು ಒಂದಿದೆ. ನಮ್ಮ ಆಲೂಗಡ್ಡೆಯನ್ನು ಹಾಳು ಮಾಡಿದ ಅಂಗಮಾರಿ ವೈರಸ್ ರೋಗ ಅಲ್ಲ. ಅದು ಫೈಟಾಫ್ತೋರಾ, ಶಿಲೀಂಧ್ರದ ಹಾಗೆ ಕಾಣುವ ಬೇರೆಯೇ ಜೀವಿ. ಕಾಫಿಯ ಎಲೆ ತುಕ್ಕು ಶಿಲೀಂಧ್ರ. ವೈರಸ್ ರೋಗಗಳ ಪಟ್ಟಿಯಲ್ಲಿ ಇವು ಕಂಡರೆ ಪುಸ್ತಕದ ಉಳಿದ ಪಟ್ಟಿಗಳನ್ನೂ ನಂಬಬೇಡಿ.

ಬಾಲ್ಟಿಮೋರ್ ಅಧ್ಯಾಯ: ಇಲ್ಲಿ ನಿಧಾನವಾಗಿ ಓದಿ

ಒಂದೇ ಅಧ್ಯಾಯ ಓದಲು ಸಮಯ ಇದ್ದರೆ ಇದನ್ನು ಓದಿ. ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಕೊಟ್ಟ ವರ್ಗೀಕರಣ ಎಲ್ಲ ಪುಸ್ತಕದಲ್ಲೂ ಏಳು ಗುಂಪಿನ ಕೋಷ್ಟಕವಾಗಿ ಇರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಕೋಷ್ಟಕದ ಹಿಂದಿನ ಯೋಚನೆಯನ್ನು ಪುಸ್ತಕ ಹೇಳಿಕೊಟ್ಟಿರುವುದಿಲ್ಲ.

ಆ ಯೋಚನೆ ತುಂಬಾ ಸರಳ. ಪ್ರೋಟೀನ್ ಮಾಡುವ ರೈಬೋಸೋಮ್ ವೈರಸ್ಸಿನ ಹತ್ತಿರ ಇಲ್ಲ. ಕೋಶದ್ದನ್ನೇ ಬಳಸಬೇಕು. ರೈಬೋಸೋಮಿಗೆ ಅರ್ಥವಾಗುವುದು ಎಂಆರ್‌ಎನ್‌ಎ ಮಾತ್ರ. ಹಾಗಾದರೆ ಪ್ರತಿ ವೈರಸ್ಸಿಗೂ ಇರುವ ಪ್ರಶ್ನೆ ಒಂದೇ: ನನ್ನ ಹತ್ತಿರ ಇರುವ ಡಿಎನ್‌ಎ ಅಥವಾ ಆರ್‌ಎನ್‌ಎಯಿಂದ ಎಂಆರ್‌ಎನ್‌ಎ ಮಾಡಿಕೊಳ್ಳುವುದು ಹೇಗೆ? ಪ್ರತಿ ಗುಂಪೂ ಈ ಪ್ರಶ್ನೆಗೆ ಒಂದು ಉತ್ತರ. ಈ ಮಾತು ಅಧ್ಯಾಯದ ಮೊದಲ ಎರಡು ಪುಟದಲ್ಲಿ ಸಿಗಬೇಕು.

ಸಿಕ್ಕರೆ, ಪುಸ್ತಕ ಮುಚ್ಚಿ ಈ ಮೂರಕ್ಕೆ ಉತ್ತರಿಸಲು ಪ್ರಯತ್ನ ಮಾಡಿ. ಪೋಲಿಯೋ ವೈರಸ್ಸಿನ ಬರೀ ಆರ್‌ಎನ್‌ಎಯನ್ನು ಕೋಶದೊಳಗೆ ಸೇರಿಸಿದರೆ ಹೊಸ ವೈರಸ್ ಹುಟ್ಟುತ್ತದೆ, ರೇಬೀಸ್ ವೈರಸ್ಸಿನ ಬರೀ ಆರ್‌ಎನ್‌ಎ ಸೇರಿಸಿದರೆ ಹುಟ್ಟುವುದಿಲ್ಲ, ಯಾಕೆ? ಇನ್‌ಫ್ಲುಯೆಂಜಾ ಆರ್‌ಎನ್‌ಎ ವೈರಸ್ ಆಗಿದ್ದರೂ ಕೋಶಕೇಂದ್ರಕ್ಕೆ ಯಾಕೆ ಹೋಗುತ್ತದೆ? ಸಿಡುಬಿನ ವೈರಸ್ ಡಿಎನ್‌ಎಯದ್ದಾದರೂ ಕೋಶಕೇಂದ್ರದ ಹೊರಗೇ ಹೇಗೆ ನಕಲಾಗುತ್ತದೆ?

ಮೊದಲನೆಯದಕ್ಕೆ ಉತ್ತರ: ಪೋಲಿಯೋದ ಆರ್‌ಎನ್‌ಎಯನ್ನು ರೈಬೋಸೋಮ್ ನೇರವಾಗಿ ಓದುತ್ತದೆ. ರೇಬೀಸಿನದು ತಿರುವಿನದು, ಓದಲಾಗದು. ಅದನ್ನು ಮೊದಲು ತಿರುಗಿಸಿ ಬರೆಯುವ ಕಿಣ್ವ ನಮ್ಮ ಕೋಶದಲ್ಲಿ ಇಲ್ಲ, ವೈರಸ್ಸೇ ಹೊತ್ತು ತರಬೇಕು. ಎರಡನೆಯದಕ್ಕೆ: ಕೋಶದ ಹೊಸ ಎಂಆರ್‌ಎನ್‌ಎಗಳ ತಲೆಯ ಟೋಪಿಯನ್ನು ಇನ್‌ಫ್ಲುಯೆಂಜಾ ಕತ್ತರಿಸಿ ತನ್ನದಕ್ಕೆ ಹಾಕಿಕೊಳ್ಳುತ್ತದೆ, ಆ ಟೋಪಿಗಳು ಸಿಗುವುದು ಕೋಶಕೇಂದ್ರದಲ್ಲಿ. ಮೂರನೆಯದಕ್ಕೆ: ಸಿಡುಬಿನ ವೈರಸ್ ತನಗೆ ಬೇಕಾದ ಕಿಣ್ವಗಳ ಮಾಹಿತಿಯನ್ನೆಲ್ಲ ತನ್ನ ದೊಡ್ಡ ಡಿಎನ್‌ಎಯಲ್ಲೇ ಇಟ್ಟುಕೊಂಡಿದೆ, ಶುರುವಿಗೆ ಬೇಕಾದ ಕಿಣ್ವಗಳನ್ನು ಜೊತೆಗೇ ತರುತ್ತದೆ.

"ಆರ್‌ಎನ್‌ಎ ವೈರಸ್ಸುಗಳು ಸೈಟೋಪ್ಲಾಸಂನಲ್ಲಿ, ಡಿಎನ್‌ಎ ವೈರಸ್ಸುಗಳು ಕೋಶಕೇಂದ್ರದಲ್ಲಿ" ಅಂತ ಒಂದು ಸಾಲು ಬರೆದು ಬಿಟ್ಟ ಪುಸ್ತಕ ಈ ಎರಡು ಅಪವಾದಗಳಿಗೆ ಜಾಗ ಕೊಟ್ಟಿಲ್ಲ. ಅಪವಾದಗಳಲ್ಲೇ ಕಾರಣ ಕಾಣುವುದು.

ಹೇಗೆ ಗೊತ್ತಾಯಿತು ಅಂತ ಹೇಳುತ್ತದಾ?

ಇತಿಹಾಸದ ಅಧ್ಯಾಯವನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿದೆ. ಪುಸ್ತಕದ ಗುಣ ಅಳೆಯಲು ಅದು ತುಂಬಾ ಒಳ್ಳೆಯ ಜಾಗ. 1892 ಇವನೋವ್ಸ್ಕಿ, 1898 ಬೈಯರಿಂಕ್, 1935 ಸ್ಟ್ಯಾನ್ಲಿ ಅಂತ ಇಸವಿಗಳ ಪಟ್ಟಿ ಎಲ್ಲರೂ ಕೊಡುತ್ತಾರೆ. ನೀವು 1898ರ ಇನ್ನೊಂದು ಕೆಲಸ ಹುಡುಕಿ. ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಕಾಲುಬಾಯಿ ಜ್ವರದ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ದಾಟದ ಸೋಸುಕದಲ್ಲಿ ಸೋಸಿದರು. ಸೋಸಿದ ನೀರು ಕೊಟ್ಟರೂ ಕರುವಿಗೆ ರೋಗ ಬಂತು. ಇಲ್ಲಿಗೆ ನಿಲ್ಲಿಸಿದ ಪುಸ್ತಕ ಅರ್ಧ ಕಥೆ ಹೇಳಿದೆ. ಅದು ವಿಷವೂ ಆಗಿರಬಹುದಲ್ವಾ? ಅದಕ್ಕೆ ಅವರು ತುಂಬಾ ತೆಳು ಮಾಡಿ, ಒಂದು ಕರುವಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋದರು. ವಿಷವಾಗಿದ್ದರೆ ತೆಳುವಾಗಿ ಮುಗಿದುಹೋಗಬೇಕಿತ್ತು. ಪ್ರತಿ ಕರುವಿನಲ್ಲೂ ಅದೇ ಜೋರಿನ ರೋಗ. ಹಾಗಾದರೆ ಅದು ಒಳಗೆ ಬೆಳೆಯುತ್ತಿದೆ. ಈ ತರ್ಕ ಓದಿದ ವಿದ್ಯಾರ್ಥಿ ಇಸವಿ ಮರೆತರೂ ವಿಷಯ ಮರೆಯುವುದಿಲ್ಲ.

ಸ್ಟ್ಯಾನ್ಲಿಯ ವಿಷಯದಲ್ಲೂ ಒಂದು ಸಣ್ಣ ಗುರುತಿದೆ. ತಂಬಾಕಿನ ವೈರಸ್ಸನ್ನು ಹರಳು ಮಾಡಿದಾಗ ಅದು ಬರೀ ಪ್ರೋಟೀನ್ ಅಂತ ಅವರು ಅಂದುಕೊಂಡಿದ್ದರು. ಅದರಲ್ಲಿ ಆರ್‌ಎನ್‌ಎಯೂ ಇದೆ ಅಂತ ತೋರಿಸಿದ್ದು ಇಂಗ್ಲೆಂಡಿನ ಬಾಡನ್ ಮತ್ತು ಪೀರಿ. ವಿಜ್ಞಾನ ತನ್ನನ್ನು ತಿದ್ದಿಕೊಂಡ ಈ ಭಾಗ ಪುಸ್ತಕದಲ್ಲಿದ್ದರೆ ಲೇಖಕರು ಮೂಲ ವಿಷಯ ಓದಿ ಬರೆದಿದ್ದಾರೆ ಅಂತ ಧೈರ್ಯವಾಗಿ ಹೇಳಬಹುದು.

ಲೆಕ್ಕ ಇದೆಯಾ ಅಂತಲೂ ನೋಡಿ. ಪ್ಲಾಕ್ ಪರೀಕ್ಷೆಯ ಪುಟ ತೆಗೆಯಿರಿ. ಪ್ಲಾಕ್ ಅಂದರೆ ತಟ್ಟೆಯಲ್ಲಿ ಬೆಳೆದ ಕೋಶಗಳ ಪದರದಲ್ಲಿ ವೈರಸ್ ಕೋಶಗಳನ್ನು ಕೊಂದು ಮಾಡಿದ ಖಾಲಿ ಚುಕ್ಕೆ. ಮೂಲ ದ್ರಾವಣವನ್ನು ಹತ್ತು ಲಕ್ಷ ಪಟ್ಟು ತೆಳು ಮಾಡಿ, ಅದರಲ್ಲಿ 0.1 ಮಿಲಿಲೀಟರ್ ತಟ್ಟೆಗೆ ಹಾಕಿದೆ, 50 ಪ್ಲಾಕ್ ಬಂತು ಅಂದುಕೊಳ್ಳಿ. ಒಂದು ಮಿಲಿಲೀಟರಿಗೆ 500. ಹತ್ತು ಲಕ್ಷದಿಂದ ಗುಣಿಸಿದರೆ ಮೂಲದಲ್ಲಿ ಮಿಲಿಲೀಟರಿಗೆ 50 ಕೋಟಿ. ಇಂಥ ಒಂದು ಲೆಕ್ಕವನ್ನಾದರೂ ಬಿಡಿಸಿ ತೋರಿಸಿರಬೇಕು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ಸಂಖ್ಯೆ ಇದಕ್ಕಿಂತ ಜಾಸ್ತಿ ಬರುತ್ತದೆ, ಯಾಕೆಂದರೆ ಎಲ್ಲ ಕಣಗಳೂ ಸೋಂಕು ಮಾಡುವುದಿಲ್ಲ. ಈ ಮಾತೂ ಪಕ್ಕದಲ್ಲಿದ್ದರೆ ಇನ್ನೂ ಸಂತೋಷ.

ಚಿತ್ರಗಳು

ಲೈಸೋಜೆನಿಯ ಚಿತ್ರ ತೆಗೆಯಿರಿ. ಬ್ಯಾಕ್ಟೀರಿಯಾದ ಡಿಎನ್‌ಎ ಜೊತೆ ಫೇಜ್ ಡಿಎನ್‌ಎ ಸೇರಿಕೊಂಡು ಸುಮ್ಮನಿರುವ ಹಂತ ಅದು. ಹೊರಗೆ ಕೂತಿರುವ ಫೇಜ್ ಹೇಗಿದೆ? ಜೇಡದ ಕಾಲಿನಂಥ ಉದ್ದ ಕಾಲುಗಳು, ದಪ್ಪ ಬಾಲ ಇದ್ದರೆ ಅದು ಟಿ4. ಟಿ4 ಲೈಸೋಜೆನಿ ಮಾಡುವುದೇ ಇಲ್ಲ, ಕೋಶವನ್ನು ಒಡೆದೇ ಹೊರಬರುತ್ತದೆ. ಅಲ್ಲಿ ಇರಬೇಕಾದ್ದು ತೆಳು ಬಾಲದ ಲ್ಯಾಂಬ್ಡಾ. ಈ ತಪ್ಪು ಎಷ್ಟು ಸಾಮಾನ್ಯ ಅಂದರೆ ಸರಿಯಾಗಿ ಬರೆದ ಪುಸ್ತಕ ಕಂಡರೆ ಚಿತ್ರಕಾರರ ಮೇಲೆ ಗೌರವ ಬರುತ್ತದೆ.

ಅಳತೆಯ ಗೆರೆ ಇದೆಯಾ ನೋಡಿ. ಪೋಲಿಯೋ ಸುಮಾರು 30 ನ್ಯಾನೋಮೀಟರ್, ತಂಬಾಕಿನ ವೈರಸ್ 300 ನ್ಯಾನೋಮೀಟರ್ ಉದ್ದ 18 ಅಗಲ. ಗೆರೆ ಇಲ್ಲದೆ ಎಲ್ಲವನ್ನೂ ಒಂದೇ ಗಾತ್ರದಲ್ಲಿ ಬರೆದರೆ ಮಕ್ಕಳ ತಲೆಯಲ್ಲಿ ಎಲ್ಲ ವೈರಸ್ಸೂ ಒಂದೇ ಗಾತ್ರ ಆಗಿಬಿಡುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ ಕಪ್ಪುಬಿಳುಪು. ಬಣ್ಣ ಇದ್ದರೆ ಆಮೇಲೆ ಹಚ್ಚಿದ್ದು ಅಂತ ಕೆಳಗೆ ಬರೆದಿರಬೇಕು.

ನಮ್ಮ ದೇಶಕ್ಕೆ ಕಡಿಮೆ ಬೆಲೆಯಲ್ಲಿ ಬರುವ ಮುದ್ರಣದಲ್ಲಿ ಕೆಲವೊಮ್ಮೆ ಬಣ್ಣದ ಚಿತ್ರಗಳನ್ನು ಕಪ್ಪುಬಿಳುಪಿನಲ್ಲಿ ಹಾಕುತ್ತಾರೆ. ಮೂಲದಲ್ಲಿ ಒಂದು ಎಳೆ ಕೆಂಪು, ಅದರ ಎದುರು ಎಳೆ ನೀಲಿ. ಇಲ್ಲಿ ಎರಡೂ ಬೂದು. ವಿವರಣೆ ಮಾತ್ರ "ಕೆಂಪು ಎಳೆ ನೋಡಿ" ಅನ್ನುತ್ತದೆ. ಆರ್‌ಎನ್‌ಎ ನಕಲಾಗುವ ಚಿತ್ರವನ್ನೇ ತೆರೆದು ನೋಡಿ ಕೊಳ್ಳಿ. ಝೆರಾಕ್ಸ್ ಮಾಡಿಸುವವರಿಗೂ ಇದೇ ತೊಂದರೆ.

ಮಂಗನ ಕಾಯಿಲೆಯ ಪುಟ

ಭಾರತದ ಲೇಖಕರ ಪುಸ್ತಕವಾದರೆ ಮಂಗನ ಕಾಯಿಲೆ ಇರಲೇಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಎನ್‌ಆರ್ ಪುರ, ಶೃಂಗೇರಿ ಕಡೆಯವರಿಗೆ ಇದು ಈಗಲೂ ಬೇಸಿಗೆಯ ಭಯ. ಮಂಗಗಳೇ ವೈರಸ್ಸಿನ ಮನೆ, ಮಂಗದಿಂದ ಮನುಷ್ಯನಿಗೆ ನೇರ ಬರುತ್ತದೆ ಅನ್ನುವ ಹಾಗೆ ಬರೆದಿದ್ದರೆ ಅದು ತಪ್ಪು. ಹರಡುವುದು ಉಣ್ಣೆ ಹುಳು. ಮಂಗ ಕೂಡ ಇದರಿಂದ ಸಾಯುವ ಪ್ರಾಣಿ. ಸತ್ತ ಮಂಗದ ಮೈಯಿಂದ ಉಣ್ಣೆಗಳು ಉದುರಿದ ಜಾಗ ಅಪಾಯದ್ದು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಈ ತಪ್ಪನ್ನು ನಾನು ಸಣ್ಣದು ಅಂತ ಬಿಡುವುದಿಲ್ಲ. ಮಂಗಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವವರಿಗೆ ಇಂಥ ಸಾಲುಗಳೇ ಆಧಾರ ಆಗುತ್ತವೆ. ಹಳೆಯ ಫಾರ್ಮಲಿನ್ ಲಸಿಕೆ ಈಗಲೂ ಕೊಡುತ್ತಾರೆ ಅಂತ ಬರೆದಿದ್ದರೂ ಆ ಪುಟ ಹಳತು, ಅದರ ಬಳಕೆ ನಿಂತಿದೆ.

ಓದಲು ಆಗುತ್ತದಾ?

ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರು ನಮ್ಮ ತರಗತಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ಪುಸ್ತಕದ ಮಧ್ಯದಿಂದ ಒಂದು ಪುಟ ತೆರೆದು, ಗೆಳೆಯರೊಬ್ಬರಿಗೆ ಕನ್ನಡದಲ್ಲಿ ವಿವರಿಸಿ ನೋಡಬೇಕು. ವಿಷಯದ ಪದ ಗೊತ್ತಿಲ್ಲದೆ ಸಿಕ್ಕಿಕೊಂಡರೆ ಚಿಂತೆ ಇಲ್ಲ, ಅದನ್ನು ಕಲಿಯಲೇ ಬಂದಿದ್ದೀರಿ. ಪುಸ್ತಕದ ಕೊನೆಯಲ್ಲಿ ಪದಕೋಶ ಇದ್ದರೆ ಸಾಕು. ವಾಕ್ಯವೇ ಐದು ಸಾಲು ಉದ್ದ ಇದ್ದು ಸಿಕ್ಕಿಕೊಂಡರೆ ಬೇರೆ ಪುಸ್ತಕ ನೋಡಿ. ಅದು ನಿಮ್ಮ ಇಂಗ್ಲಿಷಿನ ಕೊರತೆ ಅಲ್ಲ. ಅಧ್ಯಾಯದ ಕೊನೆಯ ಪ್ರಶ್ನೆಗಳಲ್ಲಿ "ಪಟ್ಟಿ ಮಾಡಿ", "ವ್ಯಾಖ್ಯಾನಿಸಿ" ಎಷ್ಟು, "ಯಾಕೆ", "ಹೀಗಾದರೆ ಏನಾಗುತ್ತದೆ" ಎಷ್ಟು ಅಂತಲೂ ನೋಡಿ.

ಎಲ್ಲಿ ನೋಡುವುದು, ಏನು ಮಾಡುವುದು

ಒಳ್ಳೆಯ ಪುಸ್ತಕಗಳಿಗೆ ಸಾವಿರಾರು ರೂಪಾಯಿ. ಎಲ್ಲರೂ ಕೊಳ್ಳಬೇಕಿಲ್ಲ. ಮೊದಲು ನಿಮ್ಮ ಕಾಲೇಜು ಲೈಬ್ರರಿಯಲ್ಲಿ ಎನ್-ಲಿಸ್ಟ್ ಸೌಲಭ್ಯ ಇದೆಯಾ ಕೇಳಿ. ಇದ್ದರೆ ಲಾಗಿನ್ ಕೊಡಿಸಿಕೊಂಡು ಮನೆಯಿಂದಲೇ ಇ-ಪುಸ್ತಕ ಓದಬಹುದು. ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಹುಡುಕಿ. ಪಕ್ಕದ ಕಾಲೇಜಿನ ಲೈಬ್ರರಿಯಲ್ಲಿ ಕೂತು ನೋಡಬೇಕಾದರೆ ನಿಮ್ಮ ಎಚ್ಒಡಿ ಅವರಿಂದ ಒಂದು ಪತ್ರ ತೆಗೆದುಕೊಂಡು ಹೋಗಿ ಕೇಳಿ.

ಪುಸ್ತಕದ ಮಾತು ಸರಿಯಾ ಅಂತ ತಾಳೆ ನೋಡಲು ಎರಡು ಜಾಲತಾಣ ಸಾಕು, ಎರಡಕ್ಕೂ ದುಡ್ಡಿಲ್ಲ. ಹೆಸರು, ಕುಟುಂಬಕ್ಕೆ ಐಸಿಟಿವಿಯದು. ಕೋಶದೊಳಗೆ ಏನಾಗುತ್ತದೆ ಅನ್ನುವುದಕ್ಕೆ ಸ್ವಿಟ್ಜರ್ಲೆಂಡಿನವರು ನಡೆಸುವ ವೈರಲ್‌ಝೋನ್, ಅದರಲ್ಲಿ ಪ್ರತಿ ಕುಟುಂಬಕ್ಕೂ ಒಂದು ಪುಟ, ಒಳ್ಳೆಯ ಚಿತ್ರ.

ಸಿಲಬಸ್ಸಿನಲ್ಲಿ ಹೇಳಿದ ಪುಸ್ತಕವೇ ಈ ಪರೀಕ್ಷೆಯಲ್ಲಿ ಸೋತರೆ ಏನು ಮಾಡುವುದು? ಅದನ್ನು ಪರೀಕ್ಷೆಯ ಉತ್ತರಕ್ಕೆ ಇಟ್ಟುಕೊಳ್ಳಿ. ಹಂತಗಳು ಮತ್ತು ಬಾಲ್ಟಿಮೋರ್ ಅಧ್ಯಾಯವನ್ನು ಮಾತ್ರ ಒಳ್ಳೆಯ ಪುಸ್ತಕದಲ್ಲಿ ಓದಿ. ನಾಲ್ಕು ಜನ ಸೇರಿ ಒಂದು ಪ್ರತಿ ಕೊಂಡರೂ ಆಗುತ್ತದೆ. ಸಿಕ್ಕ ತಪ್ಪುಗಳನ್ನು ಪುಟ ಸಂಖ್ಯೆ ಸಮೇತ ಬರೆದು ನಿಮ್ಮ ಲೆಕ್ಚರರ್‌ಗೆ ತೋರಿಸಿ. ಲೈಬ್ರರಿಗೆ ವರ್ಷಕ್ಕೊಮ್ಮೆ ಪುಸ್ತಕ ತರಿಸುವ ಪಟ್ಟಿ ಹೋಗುತ್ತದೆ. ನಿಮಗೆ ಇಷ್ಟವಾದ ಪುಸ್ತಕದ ಹೆಸರು, ಆವೃತ್ತಿಯ ವರ್ಷ, ಐಎಸ್‌ಬಿಎನ್ ಸಂಖ್ಯೆ ಬರೆದು, "ಬಣ್ಣದ ಮುದ್ರಣವೇ ಬೇಕು" ಅಂತ ಕೆಳಗೆ ಸೇರಿಸಿ, ಆ ಪಟ್ಟಿ ಹೋಗುವ ಮುಂಚೆ ಲೈಬ್ರೇರಿಯನ್ ಕೈಗೆ ಕೊಡಿ.